ಮೂರಕ್ಷರದ ಒಂದೇ ಮೊಳೆ

ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಮೊಳೆಯಕ್ಕ ಎಂದೇ ಕರೆಯುತ್ತಿದ್ದರು. ಮುದ್ರಣವಾದ ಪುಟವನ್ನು ಬಿಚ್ಚಿ, ಅದರಲ್ಲಿದ್ದ ಸೀಸದ ಅಕ್ಷರಗಳನ್ನು, ಅಂದರೆ ಮೊಳೆಗಳನ್ನು, ಒಂದೊಂದಾಗಿ ಮತ್ತೆ ಅವುಗಳ ಖಾನೆಗೆ ಹಾಕುವುದು ಅವಳ ಕೆಲಸ. ಹದಿನೆಂಟನೆಯ ವಯಸ್ಸಿನಲ್ಲಿ ಕಿಟಕಿಯ ಪಕ್ಕದ ಆ ಎತ್ತರದ ಸ್ಟೂಲಿನ ಮೇಲೆ ಕೂತವಳು ಮೂವತ್ತನಾಲ್ಕು ವರ್ಷ ಅಲ್ಲಿಂದ ಕದಲಲಿಲ್ಲ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅವಳಿಗೆ ಅದನ್ನು ನೋಡುವ ಅಗತ್ಯವೂ ಇರಲಿಲ್ಲ. ಬೆರಳ ತುದಿ ಸೋಕಿದರೆ ಸಾಕು, ಯಾವ ಅಕ್ಷರ ಎಂದು ಹೇಳಿಬಿಡುತ್ತಿದ್ದಳು.

ಇಂಗ್ಲಿಷ್ ಅಕ್ಷರಗಳ ಪೆಟ್ಟಿಗೆಯಲ್ಲಿ ಒಂದು ವಿಚಿತ್ರ ಮೊಳೆಯಿತ್ತು. ಎಫ್, ಮತ್ತೊಂದು ಎಫ್, ಆಮೇಲೆ ಐ, ಮೂರೂ ಒಂದೇ ಸೀಸದ ತುಂಡಿನಲ್ಲಿ ಅಂಟಿಕೊಂಡಿದ್ದವು. ಬಿಡಿಬಿಡಿಯಾಗಿ ಜೋಡಿಸಿದರೆ ಎಫ್‌ನ ಕೊಕ್ಕೆ ಐ ಮೇಲಿನ ಚುಕ್ಕೆಗೆ ತಾಗಿ ಮುರಿಯುತ್ತದೆ. ಆದ್ದರಿಂದ ಆ ಮೂರು ಅಕ್ಷರ ಒಟ್ಟಿಗೆ ಬರುವ ಪದಕ್ಕೆ ಈ ಮೊಳೆಯೇ ಬೇಕು ಎಂದು ಯಜಮಾನರು ಕಟ್ಟುನಿಟ್ಟು ಮಾಡಿದ್ದರು. ಅಂಥವು ಇದ್ದದ್ದು ಹನ್ನೆರಡೇ. ಹನ್ನೆರಡೂ ಮುಗಿದರೆ ಹಳೆಯ ಪುಟ ಬಿಚ್ಚುವವರೆಗೆ, ಮೊಳೆ ಜೋಡಿಸಿ ಪುಟ ಕಟ್ಟುವ ಕಂಪೋಸಿಟರ್ ಕಾಯಬೇಕು. ಕಾಯುವುದೆಂದರೆ ಮೊಳೆಯಕ್ಕನ ಸ್ಟೂಲಿನ ಪಕ್ಕ ಬಂದು ನಿಲ್ಲುವುದು.

ಅವಳ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊಸ ಕಂಪೋಸಿಟರ್ ಬಂದ. ತೆಳ್ಳಗಿದ್ದ, ಕಿವಿಯ ಹಿಂದೆ ಸದಾ ಪೆನ್ಸಿಲ್.

"ಏನ್ರೀ, ಆಯ್ತಾ?"

"ಸ್ವಲ್ಪ ತಡೀರಿ. ಎಲ್ಲಾದ್ರೂ ಬೆಂಕಿ ಬಿದ್ದಿದ್ಯಾ?"

"ಬೆಂಕಿ ಬಿದ್ರೆ ಓಡಿಹೋಗ್ತಿದ್ದೆ. ಇಲ್ಲಿ ಬಂದು ನಿಲ್ತಿದ್ನಾ?"

ಅವಳು ತಲೆ ಎತ್ತಲಿಲ್ಲ. ಆದರೆ ಆ ಮೊಳೆ ಕೈಗೆ ಸಿಕ್ಕಾಗ, ತುಂಬ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದಳು. "ಇದು ಯಾವ ಪದದಿಂದ ಬಂತು? ಅದಕ್ಕೆ ಅರ್ಥ ಏನು?"

ಅಂದಿನಿಂದ ಅದೊಂದು ಪದ್ಧತಿಯಾಯಿತು. ಅವಳು ಮೊಳೆ ಕೊಡುವುದು, ಅವನು ಬದಲಿಗೆ ಒಂದು ಪದ ಕೊಡುವುದು. ಟ್ರಾಫಿಕ್ ಅಂದರೆ ಬೀದಿಯ ಓಡಾಟ. ಡಿಫಿಕಲ್ಟ್ ಅಂದರೆ ಕಷ್ಟ. ಸಫಿಷಿಯೆಂಟ್ ಅಂದರೆ ಸಾಕಾಗುವಷ್ಟು. ಆಫೀಸ್ ಗೊತ್ತಿರುವುದೇ. "ನಾವು ಕೂತಿರೋ ಜಾಗ ಅಲ್ಲ, ಯಜಮಾನರು ತೂಕಡಿಸೋ ಜಾಗ" ಎಂದು ಅವನು ಪಿಸುಗುಟ್ಟಿದ. ಕಾಫಿನ್ ಅಂದರೆ ಶವಪೆಟ್ಟಿಗೆ. "ಅದೂ ಆಫೀಸೇ ಕಣ್ರೀ, ರಜಾ ಮಾತ್ರ ಸಿಗಲ್ಲ." ಅವಳು ನಕ್ಕ ರಭಸಕ್ಕೆ ಕೈಯಲ್ಲಿದ್ದ ಇಡೀ ಸಾಲು ಚೆಲ್ಲಾಪಿಲ್ಲಿಯಾಯಿತು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದರು. ಅಲ್ಲಿ ಹಲಗೆಯ ನೆಲ. ಹಲಗೆಗಳ ನಡುವೆ ಬೆರಳು ತೂರದಷ್ಟು ಸಂದು, ಆದರೆ ಮೊಳೆ ತೂರುತ್ತಿತ್ತು.

ಪದಗಳನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಮ್ಮೆ ಅವನು ಡಿಫಿಡೆಂಟ್ ಎಂಬ ಪದ ಕೊಟ್ಟ. ಅರ್ಥ ಕೇಳಿದರೆ, "ಮಾತು ಬಾಯಿ ತನಕ ಬಂದ್ರೂ ನುಂಗಿಕೊಳ್ಳೋರು. ಉದಾಹರಣೆ ಬೇಕಾದ್ರೆ ಇಲ್ಲೇ ಇಬ್ರು ಇದ್ದಾರೆ" ಎಂದ. ಅವಳ ಕಿವಿ ಬಿಸಿಯಾಯಿತು. ಅವನೂ ಅದಕ್ಕಿಂತ ಮುಂದೆ ಹೇಳಲಿಲ್ಲ.

ಆ ವಾರವೇ ಅವಳು ತಪ್ಪು ಮಾಡಿದಳು. ಹನ್ನೆರಡು ಮೊಳೆಗಳಲ್ಲಿ ಒಂದನ್ನು ಕರವಸ್ತ್ರದ ತುದಿಗೆ ಗಂಟು ಹಾಕಿ ಮನೆಗೆ ಒಯ್ದಳು. ಲೆಕ್ಕ ಸರಳವಾಗಿತ್ತು. ಒಂದು ಕಡಿಮೆಯಾದರೆ ಅವನು ಅಷ್ಟು ಬೇಗ ಸ್ಟೂಲಿನ ಬಳಿ ಬರಬೇಕಾಗುತ್ತದೆ.

"ಹನ್ನೆರಡು ಇರ್ಬೇಕಲ್ವೇನ್ರೀ?" ಎಂದ ಅವನು, ಖಾನೆ ನೋಡಿ.

"ಸವೆದುಹೋಗಿರ್ಬೇಕು."

"ಸೀಸ ಸವೆಯುತ್ತೆ. ಮಾಯ ಆಗಲ್ಲ." ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಮತ್ತೆಂದೂ ಕೇಳಲಿಲ್ಲ. ಬಂದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಕೆಲವೊಮ್ಮೆ ಖಾನೆಯಲ್ಲಿ ಮೊಳೆಗಳು ಬೇಕಾದಷ್ಟಿದ್ದಾಗಲೂ ಬಂದು ನಿಂತಿರುತ್ತಿದ್ದ.

ಎರಡು ವರ್ಷದ ಮೇಲೆ ದೂರದ ಬಂದರಿನ ಊರಿನ ದೊಡ್ಡ ಅಚ್ಚುಕೂಟದಿಂದ ಅವನಿಗೆ ಕರೆ ಬಂತು. ಹೊರಡುವ ದಿನ ಅವಳು ಬಿಚ್ಚುತ್ತಿದ್ದ ಪುಟದಲ್ಲಿ ಅಫಿನಿಟಿ ಎಂಬ ಪದ ಸಿಕ್ಕಿತು.

"ಇದಕ್ಕೇನು ಅರ್ಥ?"

ಅವನು ಮಸಿ ಒರೆಸುವ ಬಟ್ಟೆಯಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡ. "ನಂಟು. ಹುಟ್ಟಿನಿಂದ ಬರೋದಲ್ಲ, ಆಮೇಲೆ ಆಗೋದು." ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು ಅವಳ ಮೇಜಿನ ಮೇಲಿಟ್ಟ. "ಕಾಗದ ಬರೀತೀನ್ರೀ."

ಕಾಗದ ಬರಲಿಲ್ಲ. ಆದರೆ ಮರುದಿನ ಅವಳು ಖಾನೆ ಎಣಿಸಿದಾಗ ಹನ್ನೊಂದರ ಬದಲು ಹತ್ತೇ ಮೊಳೆಗಳಿದ್ದವು. ಬಿಚ್ಚಬೇಕಾದ ಪುಟಗಳನ್ನೆಲ್ಲ ಬಿಚ್ಚಿ ಎಣಿಸಿದಳು. ಹತ್ತೇ. ಒಂದು ತನ್ನ ಬಳಿ ಇದೆ, ಇನ್ನೊಂದು? ಅವನೂ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಹೋಗಿರಬಹುದೇ? ಆ ಪ್ರಶ್ನೆಯನ್ನು ಅವಳು ಯಾರ ಬಳಿಯೂ ಎತ್ತಲಿಲ್ಲ. "ಮೊಳೆ ಎಲ್ಲಿ ಹೋಯ್ತಮ್ಮಾ, ತಿಂದ್ಬಿಟ್ಯಾ?" ಎಂದು ಯಜಮಾನರು ರೇಗಿದಾಗ, "ಎರಡೂ ನನ್ನಿಂದ್ಲೇ ಹೋಗಿದ್ದು" ಎಂದು ಬೈಗುಳ ತಿಂದಳು.

ಮನೆಯಲ್ಲಿ ಅಮ್ಮ ನೋಡುವಷ್ಟು ಸಂಬಂಧ ನೋಡಿ ಸೋತರು. "ನಿನಗೆ ಯಾವ ರಾಜಕುಮಾರ ಬರ್ಬೇಕೇ?" ಎಂದು ಅಮ್ಮ ಕೇಳಿದರೆ, "ರಾಜಕುಮಾರ ಬೇಡಮ್ಮ, ಕೈಗೆ ಮಸಿ ಹತ್ತಿರೋನು ಸಾಕು" ಎಂದು ನಗಿಸಿ ಎದ್ದು ಹೋಗುತ್ತಿದ್ದಳು. ಆಮೇಲೆ ಅಮ್ಮ ಕೇಳುವುದನ್ನು ಬಿಟ್ಟರು, ಆಮೇಲೆ ಅಮ್ಮನೇ ಇಲ್ಲವಾದರು. ಅವಳು ಒಂದು ಹಳೆಯ ನಿಘಂಟು ಸಂಪಾದಿಸಿ, ಆ ಮೂರು ಅಕ್ಷರಗಳಿರುವ ಪದಗಳನ್ನು ತಾನೇ ಹುಡುಕತೊಡಗಿದಳು. ನೋಟ್‌ಬುಕ್ ತುಂಬುತ್ತ ಬಂತು. ಒಂದು ಭಾನುವಾರ ಆಫಿಂಗ್ ಎಂಬ ಪದ ಸಿಕ್ಕಿತು. ದಡದಲ್ಲಿ ನಿಂತವರ ಕಣ್ಣಿಗೆ ದೂರದಲ್ಲಿ ಕಾಣುವ ಕಡಲಿನ ಭಾಗ. ಹಡಗು ಅಲ್ಲಿ ಕಂಡರೆ ಬಂದೇ ಬರುತ್ತದೆ ಎಂದು ಅರ್ಥವಂತೆ. ಅವನು ಬಂದರಿನಲ್ಲಿದ್ದಾನೆ, ಈ ಪದ ಅವನಿಗೆ ಗೊತ್ತಿರುತ್ತದೆಯೇ? ಹೇಳೋಣವೆಂದರೆ ಸ್ಟೂಲಿನ ಪಕ್ಕ ಗೋಡೆಯಷ್ಟೇ ಇತ್ತು.

ಕಂಪ್ಯೂಟರ್ ಬಂದ ಮೇಲೆ ಅಚ್ಚುಕೂಟ ಉಸಿರು ಹಿಡಿದುಕೊಂಡು ನಡೆಯಿತು, ಕೊನೆಗೆ ಮುಚ್ಚಿತು. ಸೀಸವನ್ನೆಲ್ಲ ಕರಗಿಸಲು ಒಯ್ಯುವ ದಿನ ಯಜಮಾನರ ಮಗಳು ನಿಂತು ಕೆಲಸ ಮಾಡಿಸಿದಳು. ಕಂಪೋಸಿಟರನ ಮೇಜು ಸರಿಸಿ, ನೆಲದ ಹಲಗೆಗಳನ್ನೂ ಕಿತ್ತರು. ಅಡಿಯಲ್ಲಿ ಇಷ್ಟು ವರ್ಷಗಳಿಂದ ಬಿದ್ದ ಮೊಳೆಗಳು ಧೂಳಿನಲ್ಲಿ ಹೂತು ಕೂತಿದ್ದವು. ಯಜಮಾನರ ಮಗಳೇ ಅವನ್ನೆಲ್ಲ ಗುಡಿಸಿ ಮೊರದಲ್ಲಿ ತುಂಬಿಕೊಂಡು ಮೊಳೆಯಕ್ಕನ ಬಳಿ ಬಂದಳು.

"ಅಕ್ಕಾ, ನೀವು ಮುಟ್ಟಿದ್ರೆ ಸಾಕಲ್ಲ. ಇದ್ರಲ್ಲಿ ಏನೇನಿದೆ ನೋಡಿ, ನೆನಪಿಗೆ ಒಂದೆರಡು ಇಟ್ಕೊಳ್ಳಿ."

ಮೊಳೆಯಕ್ಕನ ಕೈ ಮೊರದ ಮೇಲೆ ಹೋಯಿತು. ಒಂದು ಅಂಗುಲ ಕೆಳಗಿಳಿದರೆ ತಿಳಿದುಹೋಗುತ್ತಿತ್ತು. ಅವನು ಹೋದಾಗ ಕಾಣೆಯಾದ ಆ ಹನ್ನೊಂದನೆಯದು ಇಲ್ಲೇ, ಅವನ ಮೇಜಿನ ಅಡಿಯಲ್ಲೇ ಬಿದ್ದಿತ್ತೇ, ಅಥವಾ ದೂರದ ಯಾವುದೋ ಕೋಣೆಯಲ್ಲಿ ಯಾರೋ ಅದನ್ನು ಜೋಪಾನವಾಗಿಟ್ಟಿದ್ದಾರೆಯೇ? ಬೆರಳುಗಳು ತಾವಾಗಿಯೇ ಅರಳಿದವು. ಅವಳು ಅವನ್ನು ಮಡಚಿ ಹಿಂದಕ್ಕೆಳೆದುಕೊಂಡಳು.

"ನನ್ನ ಹತ್ರ ಒಂದಿದೆ ಕಣಮ್ಮ. ಸಾಕು. ಇದನ್ನ ಎಲ್ಲದರ ಜೊತೆ ಸುರಿದುಬಿಡು."

"ನೋಡಲ್ವಾ?"

"ಬೇಡ."

ಮೂಟೆಯೊಳಗೆ ಸೀಸ ಸುರಿಯುವ ಸದ್ದು ನಿಲ್ಲುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.