ಮೇಸ್ತ್ರಿಯ ಮೂಗು ಮತ್ತು ನೀಲಿ ಗಿಟಾರ್

ನಮ್ಮ ಬೀದಿಯಲ್ಲಿ ಬೀರು, ಮಂಚ, ಸೈಕಲ್ಲು, ಫ್ರಿಜ್ಜಿನ ಬಾಗಿಲು, ಏನೇ ಮಾಸಿದರೂ ಅದು ಹೊಸ ಬಣ್ಣಕ್ಕೆ ಹೋಗುತ್ತಿದ್ದುದು ಮೂಗಿನ ಮೇಸ್ತ್ರಿಯ ಶೆಡ್ಡಿಗೆ. ಮನೆಯ ಹಿಂದೆ ತಗಡು ಹೊದಿಸಿದ ಗೂಡು ಅದು. ಗೋಡೆ, ನೆಲ, ಮೊಳೆಗೆ ಸಿಕ್ಕಿಸಿದ ಅಂಗಿ, ಎಲ್ಲದರ ಮೇಲೂ ವರ್ಷಗಟ್ಟಲೆಯ ಬಣ್ಣದ ತುಂತುರು ಕೂತು, ಯಾವುದರ ಹುಟ್ಟುಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಒಮ್ಮೆ ಅಲ್ಲಿ ಮಲಗಿದ್ದ ಬೆಕ್ಕು ಅರ್ಧ ಹಸಿರಾಗಿ ಎದ್ದು ಹೋಗಿತ್ತು. ಅದು ಮತ್ತೆ ಬರಲಿಲ್ಲ.

ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಸ್ಪ್ರೇ ಡಬ್ಬಿಗಳನ್ನು ತಂದ ದಿನವೇ ಅವುಗಳ ಮೈಮೇಲಿನ ಅಕ್ಷರವನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಿಬಿಡುತ್ತಿದ್ದರು. ಪಕ್ಕದ ಬೀದಿಯ ಪೇಂಟರ್ ಇಣುಕಿ ನೋಡಿ ತಮ್ಮ ಗುಟ್ಟು ಹೊತ್ತುಕೊಂಡು ಹೋಗಬಾರದೆಂಬುದು ಅವರ ಲೆಕ್ಕಾಚಾರ. ಮುಚ್ಚಳ ನೋಡಿದರೆ ಬಣ್ಣ ತಿಳಿಯುತ್ತಿತ್ತು. ಒಳಗಿರುವುದು ಬೇಗ ಒಣಗುವ ಲ್ಯಾಕರೋ ಎಣ್ಣೆಯ ಎನಾಮಲ್ಲೋ ಎಂಬುದು ಮಾತ್ರ ಮೇಸ್ತ್ರಿಯ ಮೂಗಿಗೇ ಗೊತ್ತು. ಮುಚ್ಚಳದೊಳಗೆ ಪುಸಕ್ಕೆಂದು ಒಂದು ಹನಿ ಬಿಟ್ಟು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು.

"ಕೆಳಗಿನ ಪ್ರೈಮರು, ಬಣ್ಣ, ಮೇಲಿನ ಹೊಳಪಿನ ಕ್ಲಿಯರು, ಮೂರೂ ಒಂದೇ ಬಳಗದವು ಆಗಿರ್ಬೇಕು," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. "ಎನಾಮಲ್ ಮೇಲೆ ಲ್ಯಾಕರ್ ಹೊಡೆದ್ರೋ, ಕೆಳಗಿನ ಬಣ್ಣ ಮುದುಕಿ ಕೆನ್ನೆ ಥರ ಸುಕ್ಕುಗಟ್ಟುತ್ತೆ."

ಆಗೆಲ್ಲ ಅವರ ಹೆಂಡತಿ, "ಹೋಲಿಸೋಕೆ ಬೇರೆ ಕೆನ್ನೆ ಸಿಗಲಿಲ್ವಾ ನಿಮಗೆ," ಎನ್ನುತ್ತಿದ್ದರು.

ಹೀಗಿರುವಾಗ ಮೇಸ್ತ್ರಿಗೆ ಒಂದು ಕೆಟ್ಟ ಜ್ವರ ಬಂತು. ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಥಿನ್ನರ್ ಡಬ್ಬಕ್ಕೇ ಮುಖ ಇಟ್ಟರೂ ಕಣ್ಣು ಉರಿಯುತ್ತಿತ್ತು, ಮೂಗಿಗೆ ಮಾತ್ರ ಸುದ್ದಿ ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಮೂಗಿಲ್ಲದ ಮೂಗಿನ ಮೇಸ್ತ್ರಿ ಎಂದು ಬೀದಿ ನಗುವುದನ್ನು ಅವರು ಕಿವಿಯಾರೆ ಕೇಳಿದಂತೆಯೇ ಇತ್ತು. ಅಂದಿನಿಂದ ಕಬ್ಬಿಣದ ಗೇಟುಗಳನ್ನು ಮಾತ್ರ ಒಪ್ಪಿಕೊಂಡರು. ಗೇಟಿಗೆ ಹೊಸ ಎನಾಮಲ್ ಡಬ್ಬಿ ತಂದು ಅಲ್ಲೇ ಖಾಲಿ ಮಾಡಿದರೆ ಮೂಗಿನ ಹಂಗಿಲ್ಲ. ಉಳಿದ ಕೆಲಸಕ್ಕೆಲ್ಲ "ಸೊಂಟ ಹಿಡಿದಿದೆ" ಎಂದರು. ಗೇಟು ಬಂದಾಗ ಸೊಂಟ ಬಿಡುತ್ತಿತ್ತು.

ಇಷ್ಟರಲ್ಲಿ ಸೊಸೆಯ ಗಿಟಾರಿನ ಸರದಿ ಬಂತು. ಅವಳು ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದಳು. ದಿನಾ ಉಗುರು ಉಜ್ಜಿ ಉಜ್ಜಿ ಅದರ ಮುಂಭಾಗದ ಪಾಲಿಶ್ ಕಿತ್ತುಬಂದು, ಬೋಳು ಮರ ಕಾಣುತ್ತಿತ್ತು. ಒಂದು ಬೆಳಗ್ಗೆ ಅವಳು, "ಪೇಟೆಯ ಅಂಗಡಿಗೆ ಕೊಟ್ಟು ಬರ್ಲಾ ಅತ್ತೆ?" ಎಂದಳು.

ಪತ್ರಿಕೆಯ ಹಿಂದಿನಿಂದ ಮೇಸ್ತ್ರಿಯ ತಲೆ ಮೇಲೆದ್ದಿತು. "ಮನೇಲಿ ಮೇಸ್ತ್ರೀನ ಇಟ್ಕೊಂಡು ಪೇಟೆಗೆ ಹೋಗ್ತೀಯಾ? ನೋಡಿದವರು ಏನಂದಾರು?"

"ಸೊಂಟ ಹಿಡಿದಿದೆ ಅಂತಿದ್ರಲ್ಲ ಮಾವ."

"ಗಿಟಾರ್ ಏನು ಬೀರುವಾ? ಕೂತೇ ಹೊಡೀಬಹುದು."

ಸೊಸೆ ಅವರ ಮುಖವನ್ನೊಮ್ಮೆ ನೋಡಿ, ಒಳಗಿನಿಂದ ಗಿಟಾರ್ ತಂದಳು. ಆಮೇಲೆ, "ತೆಳ್ಳಗೆ ಹೊಡೀರಿ. ದಪ್ಪ ಆದ್ರೆ ದನಿ ಕಟ್ಟುತ್ತೆ," ಎಂದು ಹೇಳಿ ಗಿಟಾರನ್ನು ಕೈಗೆ ಕೊಟ್ಟಳು.

ಹೇಳಿ ಆದ ಮೇಲೆ ಮಾತು ವಾಪಸು ಬರುವುದಿಲ್ಲ. ಈ ಒಂದು ಕೆಲಸ ಕೆಟ್ಟರೆ ಬೀದಿಯ ಮಾತಿರಲಿ, ಸ್ವಂತ ಮನೆಯಲ್ಲೇ ತಾವು ಮೇಸ್ತ್ರಿಯಾಗಿ ಉಳಿಯುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಂತಿ ಬಿಚ್ಚಿದರು. ಬೆರಳಾಡುವ ಪಟ್ಟಿಗೆ ಟೇಪು ಸುತ್ತಿದರು, ನಡುವಿನ ತೂತಿಗೆ ಹಳೆಯ ಪತ್ರಿಕೆ ತುರುಕಿದರು. ಹಳೆಯ ಪಾಲಿಶನ್ನು ಮರ ಮುಟ್ಟುವವರೆಗೆ ಉಜ್ಜಿದರು. ಅಲ್ಲಿಯವರೆಗೆ ಕೈ ತಪ್ಪಲಿಲ್ಲ. ಪ್ರೈಮರು ಮತ್ತು ಕ್ಲಿಯರು ಎರಡನ್ನೂ ಅಂಗಡಿಯಿಂದ ಹೊಸದಾಗಿ ತಂದಿದ್ದರು, ಎರಡೂ ಲ್ಯಾಕರ್. ಆದರೆ ಸೊಸೆ ಮೆಚ್ಚಿದ ನೀಲಿ ಅಂಗಡಿಯಲ್ಲಿ ಮುಗಿದಿತ್ತು. ಶೆಡ್ಡಿನಲ್ಲಿ ಅದೇ ನೀಲಿ ಮುಚ್ಚಳದ ಡಬ್ಬಿ ಎರಡಿದ್ದವು. ಎರಡರ ಮೈಯೂ ಬೋಳು.

ಮೇಸ್ತ್ರಿ ಒಂದೊಂದನ್ನೂ ಮೂಸಿದರು. ಮೂಗಿಗೆ ಎರಡೂ ನೀರಿನಂತಿದ್ದವು. ಕಿವಿಯ ಬಳಿ ಕುಲುಕಿದರು. ಒಳಗಿನ ಗೋಲಿ ಎರಡರಲ್ಲೂ ಒಂದೇ ರಾಗದಲ್ಲಿ ಕಟಕಟ ಎಂದಿತು. ಹಲಗೆ ತುಂಡಿನ ಮೇಲೆ ಹೊಡೆದು, ಒಣಗಿದ ಮೇಲೆ ಕ್ಲಿಯರ್ ಹಾಕಿ ನೋಡಬಹುದಿತ್ತು. ಆದರೆ ಹಲಗೆಯ ಮೇಲೆ ಪರೀಕ್ಷೆ ಮಾಡುವವರನ್ನು ಅವರು ಜೀವಮಾನವಿಡೀ ಆಡಿಕೊಂಡವರು. ಎಡಗೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು ಬಲಗೈಯದನ್ನು ಹೊಡೆದರು.

ನೀಲಿ ಸೊಗಸಾಗಿ ಕೂತಿತು. ಮಾರನೆಯ ದಿನ ಕ್ಲಿಯರ್ ಹಾಕಿದರು. ಬೀಡಿ ಹಚ್ಚಲು ಹೊರಗೆ ಹೋಗಿ ಬರುವಷ್ಟರಲ್ಲಿ ಗಿಟಾರಿನ ಮೈಯೆಲ್ಲ ಹಾಲಿನ ಕೆನೆಯಂತೆ ನೆರಿಗೆ ಎದ್ದಿತ್ತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತರು. ಸೊಂಟ ನಿಜವಾಗಿಯೂ ಹಿಡಿದಂತಾಯಿತು.

ಸೊಸೆ ಕಾಫಿ ತಂದವಳು ನೋಡಿದಳು. ಲೋಟವನ್ನು ಹಸಿ ಬಣ್ಣವಿಲ್ಲದ ಜಾಗ ಹುಡುಕಿ ಇಟ್ಟಳು.

"ಮುದುಕಿ ಕೆನ್ನೆ," ಎಂದಳು.

"ಹೂಂ."

"ವಾಸನೆ ಬರಲ್ಲ ಅಲ್ವಾ ಮಾವ?"

ಮೇಸ್ತ್ರಿ ಕಾಫಿಯನ್ನೇ ನೋಡಿದರು. "ಯಾರು ಹೇಳಿದ್ರು?"

"ಅವತ್ತು ಹಾಲು ಸೀದು ಮನೆಯೆಲ್ಲ ಗಬ್ಬು ನಾರ್ತಿತ್ತು. ನೀವು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ."

"ಗೊತ್ತಿದ್ದೂ ಗಿಟಾರ್ ಕೊಟ್ಯಾ?"

"ಕೊಟ್ಟೆ. ಡಬ್ಬಿ ಆರಿಸೋಕೆ ನನ್ನನ್ನ ಕರೀತೀರಿ ಅಂದ್ಕೊಂಡೆ."

"ಕರೆಯೋದಾ? ಮೇಸ್ತ್ರಿ?"

"ಈಗಲಾದ್ರೂ ಕರೀರಿ. ನನ್ನ ಪಾಠಕ್ಕೆ ಗಿಟಾರ್ ಬೇಕು."

ಮೇಸ್ತ್ರಿ ತಗಡಿನ ಸೂರನ್ನು ನೋಡಿದರು. ಅಲ್ಲಿಂದ ಯಾವ ಸಹಾಯವೂ ಇಳಿದು ಬರಲಿಲ್ಲ. ಉಳಿದ ನೀಲಿ ಡಬ್ಬಿಯನ್ನು ಎತ್ತಿ ಅವಳತ್ತ ಚಾಚಿ, "ಬಾರಮ್ಮ," ಎಂದರು. "ಇದೇನು ನೋಡು."

ಅವಳು ಮುಚ್ಚಳದೊಳಗೆ ಹನಿ ಬಿಟ್ಟು ಮೂಸಿದಳು. "ಉಗುರಿಗೆ ಹಚ್ಚೋ ಪಾಲಿಶ್ ಥರ ಇದೆ."

"ಅದೇ ಲ್ಯಾಕರ್ರು. ನಾನು ಹೊಡೆದದ್ದು?"

ಅವಳು ಆ ಡಬ್ಬಿಯನ್ನೂ ಮೂಸಿದಳು. "ಬಾಗಿಲಿಗೆ ಹೊಡೆಯೋ ಎಣ್ಣೆ ಪೇಂಟಿನ ಥರ."

"ಎನಾಮಲ್ಲು," ಎಂದು ಮೇಸ್ತ್ರಿ ತಲೆಯಾಡಿಸಿದರು. ಸೊಸೆಯ ಮೂಗಿನಲ್ಲಿ ತಪ್ಪೇನೂ ಕಾಣಲಿಲ್ಲ.

ಇಬ್ಬರೂ ಸೇರಿ ಥಿನ್ನರ್ ಬಟ್ಟೆಯಿಂದ ನೆರಿಗೆ ಒರೆಸಿದರು, ಮತ್ತೆ ಮರದವರೆಗೂ ಉಜ್ಜಿದರು. ಈ ಸಲ ಮೊದಲು ಹಲಗೆ ತುಂಡಿನ ಮೇಲೆ ಮೂರನ್ನೂ ಹೊಡೆದು ನೋಡಿದರು. ಹಲಗೆ ಹುಡುಕಿ ತಂದವರು ಮೇಸ್ತ್ರಿಯೇ. ಆ ವಿಷಯ ಹೊರಗೆ ಹೋಗಬಾರದೆಂದು ಸೊಸೆಗೆ ತಾಕೀತು ಮಾಡಿದರು. ಗಿಟಾರ್ ಕನ್ನಡಿಯಂತೆ ಎದ್ದು ಬಂತು. ಅದರ ಹಿಡಿ ಮೈಗೆ ಕೂಡುವ ಸಂದಿನಲ್ಲಿ ಮಾತ್ರ ಬೆರಳಗಲದ ಒಂದು ಸುಕ್ಕು ಉಳಿಯಿತು. ಅಲ್ಲಿಗೆ ಉಪ್ಪುಕಾಗದ ಹೋಗಿರಲಿಲ್ಲ.

ಈಗ ಶೆಡ್ಡಿಗೆ ಮತ್ತೆ ಬೀರು, ಮಂಚಗಳು ಬರುತ್ತಿವೆ. ಡಬ್ಬಿಗಳ ಅಕ್ಷರ ಉಜ್ಜುವುದನ್ನು ಬಿಡಿ ಎಂದು ಹೆಂಡತಿ ಹೇಳಿದ್ದುಂಟು. ಪದ್ಧತಿ ಪದ್ಧತಿಯೇ ಎಂದು ಮೇಸ್ತ್ರಿ ಒಪ್ಪಲಿಲ್ಲ. ಮೊನ್ನೆ ಕುರ್ಚಿ ತಂದವರೊಬ್ಬರು, ಮೇಸ್ತ್ರಿ ಡಬ್ಬಿ ಹಿಡಿದು ಸುಮ್ಮನೆ ನಿಂತದ್ದನ್ನು ಕಂಡು, "ಯಾಕೆ, ಮೂಸಿ ನೋಡಲ್ವಾ? ಮೂಗಿಗೇನಾಯ್ತು?" ಎಂದು ಕೇಳಿದರು.

ಮುಂದಿನ ಕೋಣೆಯಲ್ಲಿ ಗಿಟಾರ್ ನುಡಿಯುತ್ತಿತ್ತು.

"ಪಾಠ ಮಾಡ್ತಾ ಇದೆ," ಎಂದರು ಮೇಸ್ತ್ರಿ. "ಕೂತ್ಕೊಳ್ಳಿ, ಮುಗಿಸ್ಕೊಂಡು ಬರುತ್ತೆ."