ನಕ್ಷೆಯಿಂದ ಅಳಿಸಿದ ಚೌಕ

ನನ್ನ ಮೊದಲ ಬಾಸ್ ಎಡಗೈ ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬಿಟ್ಟಿದ್ದರು. ಬಿಳಿ ಬೋರ್ಡಿನ ಮೇಲೆ ಎಳೆದ ಗೆರೆ ಕೊಂಚ ಸೊಟ್ಟಗಾದರೂ ಆ ಉಗುರಿನಿಂದ ಕೆರೆದು ನೇರ ಮಾಡುತ್ತಿದ್ದರು. ಆಮೇಲೆ ಮಸಿ ಮೆತ್ತಿದ ಅದೇ ಉಗುರು ಹಲ್ಲಿನ ಸಂದಿಗೆ ಹೋಗುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದೆ. ಆದರೆ ಅವರು ಬರೆದ ಚಿತ್ರದಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ.

ಪೀಣ್ಯದ ಹತ್ತಿರದ ಒಂದು ಖಾಸಗಿ ಆಸ್ಪತ್ರೆ ಅದು. ನೋಂದಣಿ, ಔಷಧಿ, ಲ್ಯಾಬ್, ಬಿಲ್ಲು, ಒಂದೊಂದಕ್ಕೂ ಒಂದೊಂದು ಸಾಫ್ಟ್‌ವೇರ್. ಯಾವುದು ಕೆಟ್ಟರೆ ಯಾವುದು ನಿಲ್ಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟನ್ನೂ ಒಂದೇ ನಕ್ಷೆಯಲ್ಲಿ ಬರೆಯುವ ಕೆಲಸ ಅವರದು, ಜೊತೆಗೆ ನಾನು. ಅವರ ತಂದೆ ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವರಂತೆ. ಆ ಕೈ ಮಗನಿಗೂ ಬಂದಿತ್ತು.

"ಯಾರೋ ಹೇಳಿದ್ರು ಅಂತ ಗೆರೆ ಎಳೀಬೇಡಮ್ಮ. ವೈರ್ ಹಿಡ್ಕೊಂಡು ಹೋಗು. ಅದು ಎಲ್ಲಿ ಮುಗಿಯುತ್ತೋ ನೋಡ್ಕೊಂಡು ಬಂದು ಆಮೇಲೆ ಬರಿ," ಎನ್ನುತ್ತಿದ್ದರು.

ಹಾಗೆ ಹಿಡಿದುಕೊಂಡು ಹೋಗಿಯೇ ಲಿಫ್ಟ್ ಪಕ್ಕದ ಸ್ಟೋರ್ ರೂಮಿನಲ್ಲಿ, ಹಳೆಯ ಹಾಸಿಗೆಗಳ ಹಿಂದೆ, ಧೂಳು ಹಿಡಿದ ಒಂದು ಕಂಪ್ಯೂಟರ್ ಕಂಡೆವು. ಲ್ಯಾಬಿನ ವರದಿಗಳೆಲ್ಲ ಅದರ ಮೂಲಕವೇ ವಾರ್ಡಿಗೆ ಹೋಗುತ್ತಿದ್ದವು. ಅವರು ಮಗುವಿನಂತೆ ಕುಣಿದಾಡಿದರು. ನಕ್ಷೆಯಲ್ಲಿ ಅದಕ್ಕೊಂದು ಕೆಂಪು ಚೌಕ ಹಾಕಿದರು. ಅಂದು ನನಗೆ ಅವರು ದೊಡ್ಡ ಮನುಷ್ಯರಾಗಿ ಕಂಡರು.

ಗುಣಮಟ್ಟದ ಸರ್ಟಿಫಿಕೇಟಿಗಾಗಿ ತಪಾಸಣೆಯವರು ಬರುವವರಿದ್ದರು. ಆ ಕೆಂಪು ಚೌಕ ನೋಡಿ ಆಸ್ಪತ್ರೆಯ ಡೈರೆಕ್ಟರ್ ಹುಬ್ಬು ಗಂಟಿಕ್ಕಿದರು. ಅಷ್ಟೇ ಸಾಕಾಯಿತು. ಬಾಸ್ ಸೀಟಿಗೆ ಬಂದು ಚೌಕವನ್ನು ಅಳಿಸಿ, ಲ್ಯಾಬಿನಿಂದ ವಾರ್ಡಿಗೆ ನೇರ ಬಾಣ ಎಳೆದರು.

"ಸಾರ್, ಮಷೀನ್ ಅಲ್ಲೇ ಇದೆಯಲ್ಲ?" ಎಂದೆ.

"ಚಿತ್ರದಲ್ಲಿದ್ರೆ ತಾನೆ ಪ್ರಶ್ನೆ ಕೇಳೋದು? ಸುಮ್ನಿರಮ್ಮ."

ಸರ್ಟಿಫಿಕೇಟ್ ಬಂತು. ಮೈಸೂರ್ ಪಾಕ್ ಹಂಚಿದರು. ನಕ್ಷೆಗೆ ಕಟ್ಟು ಹಾಕಿಸಿ ಮೇಂಟೆನೆನ್ಸ್ ಕೋಣೆಯಲ್ಲಿ ತೂಗುಹಾಕಿದರು.

ಕೆಲವು ತಿಂಗಳಾದ ಮೇಲೆ ಸ್ಟೋರ್ ರೂಮ್ ಖಾಲಿ ಮಾಡಿಸಿದರು. ಎಲೆಕ್ಟ್ರಿಷಿಯನ್ ಆ ನಕ್ಷೆ ನೋಡಿಕೊಂಡೇ, ಅಲ್ಲಿ ಬೇಕಾದ್ದೇನೂ ಇಲ್ಲವೆಂದು ಅಲ್ಲಿಯ ವಿದ್ಯುತ್ ತೆಗೆದ. ಅಂದು ಮಧ್ಯಾಹ್ನ ಹೆರಿಗೆ ವಾರ್ಡಿನಲ್ಲಿ ಲಗ್ಗೆರೆಯ ಒಬ್ಬ ಗಾರ್ಮೆಂಟ್ಸ್ ಹುಡುಗಿಗೆ ಹೆರಿಗೆಗೆ ಮೊದಲೇ ಶುರುವಾದ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಲ್ಯಾಬಿನವರು ಹೊಸ ವರದಿ ಕಳಿಸಿದ್ದರು, ತಲುಪಿದೆ ಎಂದೇ ನಂಬಿದ್ದರು. ವಾರ್ಡಿನ ಪರದೆಯ ಮೇಲೆ ಇನ್ನೂ ಎಲ್ಲ ಸರಿಯಿದೆಯೆಂಬ ಬೆಳಗಿನ ವರದಿಯೇ ಇತ್ತು. ರಕ್ತ ಕೊಡುವುದು ತಡವಾಯಿತು. ಹುಡುಗಿ ಬದುಕಿದಳು, ಗರ್ಭಕೋಶ ತೆಗೆಯಬೇಕಾಯಿತು. ಮಗು ಉಳಿಯಲಿಲ್ಲ.

ಅವಳ ತಾಯಿ ನಮ್ಮ ಕೋಣೆಯ ಬಾಗಿಲಿಗೇ ಬಂದರು. "ರಿಪೋರ್ಟ್ ಬಂದಿಲ್ಲ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ ಸಾರ್? ನಾನೇ ಓಡೋಗಿ ಈಸ್ಕೊಂಡು ಬರ್ತಿದ್ನಲ್ಲ."

"ಸಿಸ್ಟಮ್ ಪ್ರಾಬ್ಲಮ್ ಅಮ್ಮ, ಯಾರೇನ್ ಮಾಡಕ್ಕಾಗತ್ತೆ?" ಎಂದರು ಬಾಸ್. ಆಕೆ ಅತ್ತ ಹೋದದ್ದೇ ತಡ, ನನ್ನತ್ತ ತಿರುಗಿ, "ಬಾಮ್ಮ, ಕಾಫಿ ಕುಡಿಯೋಣ," ಎಂದರು. ನಾನು ಕುರ್ಚಿಯಿಂದ ಏಳಲಿಲ್ಲ.

ವಿಚಾರಣೆಯಲ್ಲಿ ಡೈರೆಕ್ಟರ್ ಎದುರು ಬಾಸ್ ಅದೇ ನಕ್ಷೆಯನ್ನು ಪರದೆಯ ಮೇಲೆ ಹಾಕಿ, "ಇಂಥ ಮಷೀನೇ ನಮ್ಮಲ್ಲಿಲ್ಲ ಸಾರ್. ಇವನು ಯಾರನ್ನೂ ಕೇಳ್ದೆ ಲ್ಯಾಬಿಂದ ವಾರ್ಡಿಗೆ ಹೋಗೋ ವೈರ್ ಮುಟ್ಟಿದಾನೆ," ಎಂದರು. ಎಲೆಕ್ಟ್ರಿಷಿಯನ್ ಬಾಯಿ ಬಿಟ್ಟುಕೊಂಡು ತಾನು ನೋಡಿದ್ದ ಅದೇ ನಕ್ಷೆಯನ್ನು ದಿಟ್ಟಿಸುತ್ತಿದ್ದ. ನಾನು ಎದ್ದು ನಿಂತೆ. "ಚೌಕ ಇತ್ತು. ಸಾರ್ ನನ್ನ ಕಣ್ಣೆದುರೇ ಅಳಿಸಿದ್ರು."

ಅವರು ಸಿಟ್ಟಾಗಲಿಲ್ಲ. ಪ್ರೀತಿಯಿಂದೆಂಬಂತೆ ನಕ್ಕರು. "ಪಾಪ, ಹೊಸಬಳು. ಡ್ರಾಫ್ಟ್ ಯಾವ್ದು, ಫೈನಲ್ ಯಾವ್ದು ಅಂತ ಇನ್ನೂ ಗೊತ್ತಾಗಲ್ಲ."

ಡೈರೆಕ್ಟರ್ ತಲೆಯಾಡಿಸಿದರು. ಸಂಜೆಯೊಳಗೆ ಎಲೆಕ್ಟ್ರಿಷಿಯನ್‌ನ ಕೆಲಸ ಹೋಯಿತು. ನಾನೂ ರಾಜೀನಾಮೆ ಕೊಟ್ಟು ಬಂದೆ. ಬಾಸ್‌ಗೆ ಬಡ್ತಿ ಸಿಕ್ಕಿತೆಂದು ಆಮೇಲೆ ಕೇಳಿದೆ.

ಈಗ ಜಿಗಣಿಯ ಒಂದು ಕಾರ್ಖಾನೆಯಲ್ಲಿ ನನಗೆ ಅದೇ ನಕ್ಷೆ ಬರೆಯುವ ಕೆಲಸ. ಹೋದ ವರ್ಷ ಹಳೆಯ ಸಹೋದ್ಯೋಗಿ ಫೋನ್ ಮಾಡಿ, ಸಾರ್ ತೀರಿಕೊಂಡರು, ಮಣ್ಣಿಗೆ ಬರ್ತೀಯಾ ಎಂದು ಕೇಳಿದಳು. ಇಲ್ಲ ಎಂದೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಆಗ ನಾನು ಒಂದು ಯಂತ್ರದ ಕೆಳಗೆ ಟಾರ್ಚ್ ಹಿಡಿದು, ವೈರು ಎಲ್ಲಿ ಮುಗಿಯುತ್ತದೆಂದು ಮಂಡಿಯೂರಿ ತಡಕುತ್ತಿದ್ದೆ. ಅವರು ಕಲಿಸಿದ್ದನ್ನು ಉಗಿದುಬಿಡೋಣವೆಂದರೆ ಅದು ಬಾಯಲ್ಲಿಲ್ಲ, ಕೈಯಲ್ಲಿದೆ.