ಡ್ರೈವರ್ ಮಾಮನ ಸುದ್ದಿ ಬಾರದ ದಿನ

ಮಾತು ಶುರು ಮಾಡುವ ಮೊದಲು ಡ್ರೈವರ್ ಮಾಮ ಮೂರು ಸಲ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ಮೂರನೆಯದು ಚಳಿಗಾಲದ ಬೆಳಿಗ್ಗೆ ಹಳೇ ಬಸ್ಸು ಸ್ಟಾರ್ಟ್ ಆಗುವ ಸದ್ದು. ಮಾತು ಆಮೇಲೆ. ಈ ಮೂರು ಗೊತ್ತಿದ್ದರೆ ಯಾರು ಬೇಕಾದರೂ ಅರ್ಧ ಡ್ರೈವರ್ ಮಾಮ ಆಗಬಹುದು. ನಾನು ಪೂರ್ತಿ ಆಗುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ಪೂರ್ತಿ ಆಗಿಬಿಟ್ಟದ್ದರಿಂದ ಅವರೂ ಅವರ ಹೆಂಡತಿಯೂ ಆಸ್ಟ್ರೇಲಿಯಾದ ನಟ್ಟನಡುವಿನ ಬಯಲಲ್ಲಿ ಸಾಯುವುದರಲ್ಲಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ, ಬಣ್ಣ ಕಟ್ಟಿ ತಪ್ಪಿಸಿಕೊಂಡ ಅನ್ನುತ್ತೀರಿ. ಶಿಕಾರಿಪುರದಲ್ಲಿ ಈಗಾಗಲೇ ಅನ್ನುತ್ತಿದ್ದಾರೆ.

ನನ್ನದು ಗಂಟಲಿನ ಕಸುಬು. ಬಸ್‌ಸ್ಟ್ಯಾಂಡಿನ ಹಿಂದಿನ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಕೂತು ಪ್ರಚಾರದ ಆಟೋಗಳಿಗೆ ರೆಕಾರ್ಡ್ ಮಾಡಿಕೊಡುತ್ತೇನೆ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ಶಿಬಿರ, ಕಂಪನಿ ನಾಟಕ, ಎಲ್ಲದಕ್ಕೂ ನಾನೇ. ಬಿಡುವಾದಾಗ ಊರಿನವರನ್ನೆಲ್ಲ ಅಣಕಿಸುತ್ತೇನೆ. ಅಪ್ಪಿತಪ್ಪಿ ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ನಮ್ಮಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಬಂತೇನೋ?" ಅನ್ನುತ್ತಾಳೆ.

ಮಾಮ ಪಕ್ಕದ ಮನೆಯವರು. ರಕ್ತಸಂಬಂಧವಿಲ್ಲ, ಗೋಡೆಸಂಬಂಧ. ಶಿಕಾರಿಪುರದಿಂದ ಸೊರಬ, ಅಲ್ಲಿಂದ ಜಡೆ, ಮತ್ತೆ ವಾಪಸ್ಸು. ನಿವೃತ್ತಿಯವರೆಗೂ ಸರ್ಕಾರಿ ಬಸ್ಸನ್ನು ಇದೇ ದಾರಿಯಲ್ಲಿ ಓಡಿಸಿದವರು. ಕಿಟಕಿಯ ಕಡೆಯ ಬಲಗೈ ಸುಟ್ಟ ರೊಟ್ಟಿಯ ಬಣ್ಣ, ಎಡಗೈ ಇನ್ಯಾರದೋ ಸಾಹೇಬರದು. ಪ್ರತಿ ಟ್ರಿಪ್ಪಿಗೂ ಮುಂಚೆ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪ್ರತಿ ಚಕ್ರಕ್ಕೂ ಸ್ಪ್ಯಾನರಿನಿಂದ ಒಂದೊಂದು ಏಟು ಕೊಟ್ಟು, ಕಿವಿಗೊಟ್ಟು ಕೇಳುತ್ತಿದ್ದರು. ಮದುವೆಮನೆಗೆ ಯಾರದೋ ಕಾರಿನಲ್ಲಿ ಹೊರಟರೂ ಅಷ್ಟೇ. ಕಾರಿನವನು ಹಲ್ಲು ಕಡಿಯುತ್ತಿದ್ದ, ಮಾಮ ಚಕ್ರ ಬಡಿಯುತ್ತಿದ್ದರು.

ಜಡೆಗೆ ಹೋಗುವ ಕೊನೇ ಬಸ್ಸಿನ ವಿಷಯದಲ್ಲಿ ಫೋನಿಲ್ಲದ ಕಾಲದಲ್ಲೊಂದು ಪದ್ಧತಿ ಇತ್ತಂತೆ. ಹೊತ್ತು ಮೀರಿದರೂ ಬಸ್ಸು ಬರಲಿಲ್ಲವೆಂದರೆ ಊರಿನವರು ಕಟ್ಟೆಯ ಮೇಲೆ ಕೂತು ಹರಟುತ್ತಿರಲಿಲ್ಲ. ಟ್ರ್ಯಾಕ್ಟರ್ ತೆಗೆದು ಬಸ್ಸಿನ ದಾರಿಗೆ ಎದುರಾಗಿ ಹೊರಟುಬಿಡುತ್ತಿದ್ದರು. ಒಮ್ಮೆ ಆಕ್ಸಲ್ ಮುರಿದಾಗ ಪ್ಯಾಸೆಂಜರುಗಳೆಲ್ಲ ನಡೆದು ಹೋಗೋಣವೆಂದರೂ ಮಾಮ ಸೀಟು ಬಿಟ್ಟೇಳಲಿಲ್ಲ.

"ಡ್ರೈವರ್ ಆದೋನು ಗಾಡಿ ಬಿಟ್ಟು ಹೋಗಬಾರದಲೇ," ಎಂದು ನನಗೆ ಹೇಳಿದ್ದರು. "ಹುಡುಕೋರು ಗಾಡಿ ಹುಡುಕ್ತಾರೆ. ನನ್ನನ್ನ ಯಾರು ಹುಡುಕ್ತಾರೆ, ನಾನೇನ್ ಅಷ್ಟ್ ಚೆಂದ ಅದೀನಾ?"

ಅತ್ತೆ, ಅಂದರೆ ಮಾಮನ ಹೆಂಡತಿ, ಪ್ರೈಮರಿ ಶಾಲೆಯ ಮೇಡಂ. ಮಾತು ಕಮ್ಮಿ, ಆಡಿದರೆ ಸ್ಕೇಲಿನ ಏಟು. ಗಂಡ ರಜೆಯಲ್ಲೆಲ್ಲ ಡ್ಯೂಟಿಗೆ ಹೋದದ್ದರಿಂದ ಆಕೆ ಗಂಡನ ಪಕ್ಕ ಕೂತು ದೂರ ಪ್ರಯಾಣ ಮಾಡಿದ್ದೇ ಇಲ್ಲ. ಇಬ್ಬರಿಗೂ ನಿವೃತ್ತಿಯಾದ ಮೇಲೆ ಮಾಮ ಮೂರು ಸಲ ಗಂಟಲು ಸರಿ ಮಾಡಿಕೊಂಡು ಘೋಷಿಸಿದರು: "ಒಂದೇ ಗಾಡಿ, ಒಬ್ಬಳೇ ಪ್ಯಾಸೆಂಜರ್. ಎಲ್ಲಿಗ್ ಹೋಗಣ ಹೇಳು."

"ಅಡ್ಡರಸ್ತೆ, ಸ್ಟಾಪು ಇಲ್ದೇ ಇರೋ ಕಡೆಗೆ," ಎಂದರು ಅತ್ತೆ. "ಟಿಕೆಟ್ ಮಾತ್ರ ತಗೊಳಲ್ಲ."

ಜಡೆಯಲ್ಲಿರುವ ಅತ್ತೆಯ ತಂಗಿಯ ಮಗ ಆಸ್ಟ್ರೇಲಿಯಾದ ಗಣಿಯೊಂದರಲ್ಲಿ ಲಾರಿ ಮೆಕ್ಯಾನಿಕ್. ಅಲ್ಲಿಯೂ ನಮ್ಮ ಹಾಗೇ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿ ಎಳೆದುಕೊಂಡು ಹೋಗಬಹುದು ಎಂದು ಅವನೇ ಆಸೆ ಹಚ್ಚಿದ್ದು. ಕಾರವಾನ್ ಎನ್ನುವ ಆ ಮನೆಯಲ್ಲಿ ಒಲೆ, ಫ್ರಿಜ್ಜು, ಮಂಚ ಎಲ್ಲ ಉಂಟು. ಫೋನ್ ಸಿಗದ ಜಾಗದಲ್ಲೂ ಕೆಲಸ ಮಾಡುವ ಸ್ಯಾಟಲೈಟ್ ಫೋನ್ ಒಂದನ್ನು ಬಾಡಿಗೆಗೆ ತಗೊಳ್ಳಿ ದೊಡ್ಡಪ್ಪ ಎಂದು ಅವನು ಎರಡು ಸಲ ಹೇಳಿದ.

"ಯಾತಕ್ಕೋ? ನಮ್ ಮಂಗ್ಯಾ ಶಿಕಾರಿಪುರದಾಗೆ ಕೂತೈತಲ್ಲ," ಎಂದರಂತೆ ಮಾಮ. ಆ ಮಂಗ್ಯಾ ನಾನು.

ವ್ಯವಸ್ಥೆ ಇಷ್ಟು. ಅಲ್ಲಿಯ ಗಡಿಯಾರ ನಮಗಿಂತ ನಾಲ್ಕು ಗಂಟೆ ಮುಂದೆ. ಸಂಜೆಯಾದರೆ ರಸ್ತೆಗೆ ಕಾಂಗರೂ ನುಗ್ಗುತ್ತವೆಂದು ಮಾಮ ನಾಲ್ಕಕ್ಕೇ ಫೋನ್ ಸಿಗುವ ಕಡೆ ಗಾಡಿ ನಿಲ್ಲಿಸಬೇಕು. ನಿಲ್ಲಿಸಿದ ಕೂಡಲೇ, ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ, ನನ್ನ ಮೊಬೈಲಿಗೆ "ಗಾಡಿ ಸೇರ್ತು" ಎಂದು ದನಿ ರೆಕಾರ್ಡ್ ಮಾಡಿ ಕಳಿಸಬೇಕು. ನಾನು ಜಡೆ ಚಿಕ್ಕಮ್ಮನಿಗೆ, ಅಂದರೆ ಮಾತಿಗಷ್ಟೇ ಆಗುವ ಹಳೇ ಫೋನಿನ ಅತ್ತೆಯ ತಂಗಿಗೆ, ತಿಳಿಸಬೇಕು. ನಮ್ಮ ಒಂದು ಗಂಟೆಗೆ ಗಣಿಯಿಂದ ಮೇಲೆ ಬಂದ ಮಗ ತಾಯಿಗೆ ಫೋನ್ ಮಾಡಿ ಕೇಳುತ್ತಾನೆ. ಸೇರಿಲ್ಲ ಎಂದರೆ ಅವನು ಆ ಕ್ಷಣವೇ ಪೊಲೀಸರಿಗೆ ಹೇಳಬೇಕು, ಬೆಳಕಿರುವಾಗಲೇ ಹುಡುಕಿಸಬೇಕು.

ಎಂಟು ದಿನ "ಗಾಡಿ ಸೇರ್ತು" ಬಂತು. ಒಂದು ದಿನ "ಮಣ್ಣು ನಮ್ ಕುಂಕುಮದ್ ಬಣ್ಣ ಐತಲೇ" ಎಂದು ಸೇರಿಸಿದ್ದರು. ಇನ್ನೊಂದು ದಿನ ಮುಕ್ಕಾಲು ಗಂಟೆ ತಡವಾಗಿ ಬಂತು, ಹಿಂದಿನಿಂದ ಅತ್ತೆ "ಉಪ್ಪಿಟ್ಟು ತಳ ಹತ್ತಿತು, ಅದನ್ನೂ ಹೇಳಿ" ಅನ್ನುತ್ತಿದ್ದರು.

ಒಂಬತ್ತನೇ ದಿನ ಹನ್ನೆರಡಕ್ಕೆ ಏನೂ ಬರಲಿಲ್ಲ.

ಹನ್ನೆರಡೂ ಹತ್ತಕ್ಕೆ ಜಡೆ ಚಿಕ್ಕಮ್ಮನ ಫೋನು. ಹನ್ನೆರಡೂ ಕಾಲಿಗೆ ಇನ್ನೊಂದು. ನಾನೋ ಸೀರೆ ಅಂಗಡಿಯ "ಬನ್ನಿ ಬನ್ನಿ ಬನ್ನಿ"ಯ ಮಧ್ಯದಲ್ಲಿದ್ದೆ, ಪ್ರತಿ ಸಲವೂ ಮೂರನೇ ಬನ್ನಿಗೆ ಫೋನು ಬಡಿದುಕೊಳ್ಳುತ್ತಿತ್ತು. ಆಕೆಗೆ ಬಿ.ಪಿ. ಇತ್ತು. "ಏನಾ ಹುಡ್ಗ, ಅಕ್ಕಂಗೆ ಏನೋ ಆಗೈತೆ ಕಣಾ, ನಂಗೆ ಎದೆ ಹೊಡ್ಕಳ್ತೈತೆ, ಅನ್ನ ಇಳೀತಿಲ್ಲ," ಎಂದು ಅತ್ತರು. ನೆಟ್‌ವರ್ಕ್ ಇರಲಿಕ್ಕಿಲ್ಲ, ಇನ್ನರ್ಧ ಗಂಟೆಗೆ ಬರುತ್ತದೆ ಎಂದು ನಾನು ಪೂರ್ತಿ ನಂಬಿದ್ದೆ. ಹೇಗೂ ಬರುವ ಮಾತನ್ನು ಸ್ವಲ್ಪ ಮುಂಚೆ ತಲುಪಿಸಿದರೆ ಏನು ಹೋಯಿತು?

ಹನ್ನೆರಡೂ ಮುಕ್ಕಾಲಿಗೆ ನಾನೇ ಫೋನ್ ಮಾಡಿದೆ. "ಚಿಕ್ಕಮ್ಮ, ಮಾಮ ಲೈನಲ್ಲಿದಾರೆ, ಕೊಡ್ತೀನಿ ಇರಿ." ಮೂರು ಸಲ ಗಂಟಲು. "ಗಾಡಿ ಸೇರ್ತು. ಆರಾಮ್ ಅದೀವಿ. ನೀ ಊಟ ಮಾಡು."

ಆಚೆಯಿಂದ ಅಳು, ನಗು. ಆಮೇಲೆ, "ಅಕ್ಕನ ಕೈಗೆ ಕೊಡಿ ಭಾವ!"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಕಲಾವಿದನಲ್ಲವೇ! ಅತ್ತೆಯ ದನಿ ತೆಗೆದೆ. "ಮಾತ್ರೆ ತಗೊಂಡ್ಯೇನೇ? ಮೊದಲು ಮಾತ್ರೆ." ಮೊಬೈಲ್ ಅಂಗಡಿಯವನು ಬಾಯಿ ಮುಚ್ಚಿಕೊಂಡು ನಕ್ಕ. ನಾನು ಕಾಲರ್ ಎತ್ತಿಕೊಂಡೆ.

ಒಂದಕ್ಕೆ ಮಗ ಫೋನ್ ಮಾಡಿದಾಗ ತಾಯಿ ಹೇಳಿದ್ದು, "ಈಗಷ್ಟೇ ಇಬ್ರ ಹತ್ರನೂ ಮಾತಾಡ್ದೆ." ಮರುದಿನ ನಸುಕಿನ ಪಾಳಿಯಿದ್ದ ಅವನು ಉಂಡು ಮಲಗಿದ.

ಒಂದೂವರೆಗೂ ಬರಲಿಲ್ಲ. ಎರಡಕ್ಕೂ ಇಲ್ಲ. ಎರಡೂವರೆಗೆ ನಾನೇ ಫೋನ್ ಮಾಡತೊಡಗಿದೆ. ಮಾಮನಿಗೆ ಮಾಡಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು, ಮಗನ ಫೋನು ಬರೀ ರಿಂಗಾಗುತ್ತಿತ್ತು. ಮೊಬೈಲಿನ ನಕ್ಷೆ ತೆರೆದು ಅವರ ದಾರಿ ನೋಡಿದೆ. ಒಂದು ಗೆರೆ, ಸುತ್ತ ಖಾಲಿ. ಎಷ್ಟು ದೊಡ್ಡದು ಮಾಡಿದರೂ ಖಾಲಿ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕನ್ನು ಅದರಲ್ಲಿ ಇಟ್ಟರೆ ಅಕ್ಕಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಆಗ ಹೊಳೆಯಿತು. ಅಲ್ಲಿ ಎಲ್ಲೋ ಮಾಮ ಗಾಡಿ ಬಿಟ್ಟು ಕದಲದೆ ಕೂತಿದ್ದಾರೆ. ತನ್ನಿಂದ ಸುದ್ದಿ ಹೋಗಿಲ್ಲವಲ್ಲ, ಹುಡುಕೋರು ಇನ್ನೇನು ಹೊರಟಿರುತ್ತಾರೆ ಎಂದುಕೊಂಡು ಕೂತಿದ್ದಾರೆ.

ಜಡೆಗೆ ಫೋನ್ ಮಾಡಿ ಉಸಿರು ಕಟ್ಟಿ ಹೇಳಿದೆ. "ಚಿಕ್ಕಮ್ಮ, ಆಗ ಮಾತಾಡಿದ್ದು ನಾನು. ಎರಡೂ ನಾನೇ. ಮಗನ್ನ ಎಬ್ಬಿಸ್ರಿ."

ಆಕೆ ನಕ್ಕರು. "ಥೂ, ಹೋಗಾ! ನಮ್ಮಕ್ಕನ ದನಿ ನಂಗೆ ಗೊತ್ತಾಗಲ್ಲನಾ? ಇದೇನ್ ಹೊಸಾ ಆಟ ತೆಗೆದೀಯ?" ಫೋನ್ ಇಟ್ಟರು. ಮತ್ತೆ ಮಾಡಿದೆ, ಅಳುತ್ತ ಆಣೆ ಹಾಕಿದೆ. "ಅಳೋದೂ ಚೆನಾಗೇ ಮಾಡ್ತೀಯ ಮಾರಾಯ," ಎಂದು ಮತ್ತೆ ಇಟ್ಟರು. ಸುಳ್ಳು ಹೇಳಿದಾಗ ನಂಬಿದ ಬಾಯನ್ನು ನಿಜ ಹೇಳಿದಾಗ ನಂಬುವವರಿಲ್ಲ.

ಅಂಗಡಿಯವನ ಬೈಕು ಕಿತ್ತುಕೊಂಡು ಹೊರಟೆ. ದಾರಿಯಲ್ಲಿ ಎಮ್ಮೆ ಹಿಂಡು, ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು, ಎದುರಿಗೊಂದು ಪ್ರಚಾರದ ಆಟೋ. ಅದರಲ್ಲಿ ನನ್ನದೇ ದನಿ ಎಲ್ಲರನ್ನೂ ಬನ್ನಿ ಬನ್ನಿ ಎಂದು ಕರೆಯುತ್ತಿತ್ತು.

ಚಿಕ್ಕಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಮೂರು ಸಲ ಗಂಟಲು ಸರಿ ಮಾಡಿಕೊಂಡು, "ಗಾಡಿ ಸೇರ್ತು, ನೀ ಊಟ ಮಾಡು," ಎಂದೆ. ಆಮೇಲೆ ಅತ್ತೆಯ ದನಿಯಲ್ಲಿ, "ಮಾತ್ರೆ ತಗೊಂಡ್ಯೇನೇ?" ಆಕೆಯ ಮುಖದ ನಗು ಇಳಿಯುವುದನ್ನು ನೋಡುತ್ತ ನಿಂತೆ. ನನ್ನ ಮಿಮಿಕ್ರಿಗೆ ಅಂಥ ಪ್ರೇಕ್ಷಕರು ಇನ್ನು ಯಾವತ್ತೂ ಬೇಡ. ಹುಣಸೆ ಅಂಟಿದ ಕೈಯಲ್ಲೇ ನನ್ನ ಕೆನ್ನೆಗೆ ಒಂದು ಬಿಟ್ಟರು, ಅದೇ ಕೈಯಲ್ಲಿ ಫೋನ್ ತೆಗೆದುಕೊಂಡರು. ತಾಯಿಯ ನಂಬರಿಗೆ ಮಗನ ಫೋನು ಬೇರೆ ಥರ ಕೂಗುತ್ತಿತ್ತಂತೆ. ಎದ್ದ. ಅವನು ಕೇಳಿದ್ದು ಒಂದೇ: "ಎಷ್ಟೊತ್ತಾಯ್ತು?"

ನಾಲ್ಕು ತಾಸು. ಅಲ್ಲಿ ಕತ್ತಲಾಗಿತ್ತು. ವಿಮಾನ ಹಾರಿಸಲು ಬೆಳಗಾಗಬೇಕು ಎಂದರು ಪೊಲೀಸರು.

ಮರುದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಜಡೆಯ ಮನೆಗೆ ಫೋನ್ ಬಂತು. ಸಿಕ್ಕಿದ್ದರು. ಫೋನ್ ಸಿಗದ ಮಣ್ಣುರಸ್ತೆಯಲ್ಲಿ ಎಂಜಿನ್ ಕೆಟ್ಟು, ಬ್ಯಾಟರಿ ಸತ್ತು ಕಾರು ನಿಂತಿತ್ತು. ಅತ್ತೆ ಕಾರವಾನಿನ ಮಾಡಿನ ಮೇಲೆ ಕೆಂಪು ಸೀರೆ ಹಾಸಿ ನಾಲ್ಕು ಮೂಲೆಗೂ ಪಾತ್ರೆ ಹೇರಿದ್ದರು, ನೀರನ್ನು ಲೋಟದಲ್ಲಿ ಅಳೆದು ಕೊಟ್ಟಿದ್ದರು. ಮಾಮ ತಮ್ಮ ಪಾಲು ಕುಡಿದಂತೆ ನಟಿಸಿ ಕ್ಯಾನಿಗೇ ವಾಪಸ್ ಸುರಿದಿದ್ದರು. ನಸುಕಿನಲ್ಲಿ ಲಕ್ವ ಹೊಡೆದು ಅವರ ಬಾಯಿ ಓರೆಯಾಯಿತು, ಬಲಗೈ ಜೋತುಬಿತ್ತು. ಹಿಂದಿನ ಸಂಜೆಯೇ ಆಸ್ಪತ್ರೆ ಸೇರಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದರಂತೆ ಡಾಕ್ಟರು. ಆ "ಏನೋ"ವನ್ನು ನಾನು ದಿನಾ ಹೊತ್ತು ತಿರುಗುತ್ತೇನೆ.

ಬದುಕಿ ಬಂದರು. ಸ್ಟೀರಿಂಗ್ ಹಿಡಿಯುವಂತಿಲ್ಲ. ಮಾತು ತೊದಲುತ್ತದೆ. ಅವರ ಹಳೇ ದನಿ ಈಗ ಉಳಿದಿರುವುದು ಅವರ ಎಂಟು "ಗಾಡಿ ಸೇರ್ತು"ಗಳಲ್ಲಿ ಮತ್ತು ನನ್ನ ಗಂಟಲಲ್ಲಿ. ಹುಡುಗರು ಎಷ್ಟು ಕೇಳಿದರೂ ನಾನು ಅದನ್ನು ತೆಗೆಯುವುದಿಲ್ಲ. ದಿನಾ ಸಂಜೆ ಹೋಗಿ ಅವರ ಬಲಗೈಗೆ ಎಣ್ಣೆ ತಿಕ್ಕುತ್ತೇನೆ. ಸಾಲ ತೀರಿತು ಎಂದಲ್ಲ, ಬೇರೆ ಏನು ಮಾಡಬೇಕೋ ತಿಳಿಯದು.

ಅವರು ಬಂದ ವಾರ ಮನೆ ತುಂಬ ಜನ. ಚಿಕ್ಕಮ್ಮನೂ ಇದ್ದರು. ನಾನು ಮಾಮನ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು ನಡೆದದ್ದೆಲ್ಲವನ್ನೂ ಒಪ್ಪಿಸಿದೆ, ನನ್ನದೇ ದನಿಯಲ್ಲಿ. ಮಾಮ ಎಡಗೈಯಿಂದ ನನ್ನ ತಲೆ ಸವರಿದರು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಬಾಯಿ ನನ್ನದಲ್ಲವೇ.

"ಕೆಟ್ಟ ಬುದ್ಧಿಯಿಂದ ಮಾಡಲಿಲ್ಲ ಅತ್ತೆ," ಎಂದೆ. "ಚಿಕ್ಕಮ್ಮಂಗೆ ಸಮಾಧಾನ ಆಗ್ಲಿ ಅಂತ ಮಾಡ್ದೆ."

ಅತ್ತೆ ಮಾತ್ರೆಯ ಡಬ್ಬಿಯಿಂದ ತಲೆ ಎತ್ತಲಿಲ್ಲ.

"ಅವಳಿಗೆ ಸಮಾಧಾನ ಆಗೋದು ಯಾರಿಗ್ ಬೇಕಾಗಿತ್ತೋ? ಅವಳು ಗಾಬರಿ ಬೀಳ್ಲಿ ಅಂತಲೇ ನಾವಿಬ್ರೂ ಆ ಬಿಸಿಲಲ್ಲಿ ಕಾಯ್ತಾ ಕೂತಿದ್ದು."